ಗೋಡೆಯ ಮೇಲೆ ಆದ ಮದುವೆ

ಸಾಗರ ಸೀಮೆಯ ವರದಮೂಲದ ಹತ್ತಿರದ ಒಂದು ಮನೆ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಕೆಮ್ಮಣ್ಣು ಬಳಿದ ಗೋಡೆಯ ಮುಂದೆ ಕೆರಿಯಮ್ಮ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಪಕ್ಕದ ಗೆರಟೆಯಲ್ಲಿ ಅಕ್ಕಿ ಅರೆದ ಬಿಳಿ ಬಣ್ಣ, ಕೈಯಲ್ಲಿ ಪುಂಡಿನಾರಿನ ಕುಂಚ. ಉಸಿರು ಹಿಡಿದು ಒಂದು ಗೆರೆ ಎಳೆಯುತ್ತಾರೆ, ಉಸಿರು ಬಿಟ್ಟು ನಗುತ್ತಾರೆ.

"ಎಳೆ ಎಳಿವಾಗ ಮಾತಾಡಿಸ್ಬ್ಯಾಡಿ. ಸೊಟ್ಟಾದ್ರೆ ಮದುಮಗ ನಿಮ್ಮನ್ನೇ ಬೈತಾನೆ."

ದೀವರ ಸಮುದಾಯದ ಮನೆಯಲ್ಲಿ ಮದುವೆಯೆಂದರೆ ಗೋಡೆಗೆ ಹಸೆ ಚಿತ್ತಾರ ಬೇಕೇ ಬೇಕು. ಸುತ್ತ ಎಳೆಗಳ ಚೌಕಟ್ಟು, ನಡುವೆ ಮದುಮಕ್ಕಳು. ಅತ್ತೆ ದುಗ್ಗಮ್ಮನಿಂದ ಇದನ್ನು ಕಲಿತ ಕೆರಿಯಮ್ಮನಿಗೆ ಮಳೆಗಾಲವಿಡೀ ಗೇಣಿ ಗದ್ದೆಯ ಕೆಲಸ. ಬೇಸಿಗೆ ಬಂತೆಂದರೆ ಹೊಸನಗರದ ಕಡೆಯಿಂದಲೂ ಕರೆ. ನಡೆದೇ ಹೋಗುತ್ತಾರೆ. ಬರೆದವರು ಯಾರೆಂದು ಮದುವೆಗೆ ಬಂದವರು ಕೇಳುವುದಿಲ್ಲ.

ಹೋದ ವರ್ಷ, ೧೯೬೬ರ ಬೇಸಿಗೆಯಲ್ಲಿ, ಊರಿಗೆ ಸಿನಿಮಾದವರು ಬಂದರು. ಒಡೆಯರ ಮಗಳೂ ಗೇಣಿದಾರನ ಮಗನೂ ಗುಟ್ಟಾಗಿ ಪ್ರೀತಿಸುವ ಕತೆ. ಅವರಿಬ್ಬರು ಸೇರುವ ಮನೆಯ ಗೋಡೆಗೆ ಚಿತ್ತಾರ ಬರೆಯಲು ಕೆರಿಯಮ್ಮನನ್ನು ಕರೆಸಿದರು.

"ಮದ್ವೆ ಯಾವಾಗ ಅಂತ ಕೇಳ್ದೆ. ಮದ್ವೆ ಇಲ್ಲಮ್ಮ, ಚಂದಕ್ಕೆ ಬರಿ ಅಂದ್ರು ಡೈರೆಕ್ಟ್ರು. ಮದ್ವೆ ಇಲ್ದೆ ಹಸೆ ಬರೆಯದು ಹೆಂಗೆ? ಹಂಗೇನಾರ ಬರದ್ರೆ ತಿರುಗಿ ಮನೆ ಹೊಸ್ಲು ತುಳಿಬ್ಯಾಡ ಅಂದಿದ್ರು ಅತ್ತೆ."

ಕೊನೆಗೆ ಚೌಕಟ್ಟು ಮಾತ್ರ ಬರೆದು, ಮದುಮಕ್ಕಳ ಜಾಗವನ್ನು ಖಾಲಿ ಬಿಟ್ಟರು. ನಿರ್ದೇಶಕರು ಒಪ್ಪಿದರು. ಅತ್ತೆಯೂ ಸುಮ್ಮನಾದರು.

ಶೂಟಿಂಗ್ ನಡೆದಷ್ಟು ದಿನ ಕೆರಿಯಮ್ಮ ಹಲಸಿನ ಮರದ ಬುಡದಲ್ಲಿ ಕೂತು ನೋಡಿದರು. ನಾಯಕಿಯ ನಗು ಕಂಡು ನಮ್ಮನೆ ಕೂಸೇ ಅನ್ನಿಸಿತಂತೆ. ಆಮೇಲೆ ಕತೆಯ ಕೊನೆ ಕಿವಿಗೆ ಬಿತ್ತು: ಹುಡುಗಿಯನ್ನು ಬೇರೆ ಕಡೆ ಕೊಡುತ್ತಾರೆ, ಹುಡುಗ ಅದೇ ಗೋಡೆಯ ಮುಂದೆ ಒಬ್ಬನೇ ನಿಲ್ಲುತ್ತಾನೆ.

ಮರುದಿನ ಯಾರೂ ಏಳುವ ಮೊದಲೇ ಕೆರಿಯಮ್ಮ ಹೋಗಿ ಖಾಲಿ ಜಾಗ ತುಂಬಿದರು. ಬಾಸಿಂಗ ಕಟ್ಟಿಕೊಂಡ ಮದುಮಗ, ಪಕ್ಕದಲ್ಲಿ ಮದುಮಗಳು.

ಕ್ಯಾಮೆರಾದವರು ತಲೆಯ ಮೇಲೆ ಕೈಹೊತ್ತರು. ಹಿಂದಿನ ದೃಶ್ಯಗಳಲ್ಲಿ ಆ ಜಾಗ ಖಾಲಿಯಿತ್ತಲ್ಲ. ಅಳಿಸಲು ಕೆಮ್ಮಣ್ಣು ಕಲಸಿ ತಂದೂ ಆಯಿತು. ಕೆರಿಯಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತರು.

"ಕತೇಲಿ ನೀವು ಬೇರೆ ಮಾಡಿದ್ರಿ, ಗೋಡೆ ಮೇಲಾದ್ರೂ ಒಟ್ಟಿಗಿರ್ಲಿ ಅಂದೆ."

ನಿರ್ದೇಶಕರು ಗೋಡೆಯ ಹತ್ತಿರ ಬಂದು ಆ ಜೋಡಿಯನ್ನು ನೋಡಿದರು. ಆಮೇಲೆ ಕೊನೆಯ ದೃಶ್ಯದಲ್ಲಿ ಅದು ಹುಡುಗನ ಹೆಗಲ ಹಿಂದೆ ಕಾಣುವಂತೆ ಕ್ಯಾಮೆರಾ ಸರಿಸಲು ಹೇಳಿದರು. "ಇರಲಿ ಬಿಡಿ, ಗೊತ್ತಿದ್ದವರಿಗೆ ಗೊತ್ತಾಗುತ್ತದೆ" ಅಂದರಂತೆ.

ಈ ವರ್ಷ ಚಿತ್ರ ಸಾಗರದ ಟೆಂಟ್ ಟಾಕೀಸಿಗೆ ಬಂತು. ಜಾಗ ತುಂಬಿದ ವಿಷಯವನ್ನು ಕೆರಿಯಮ್ಮ ಅತ್ತೆಗೆ ಹೇಳಿರಲಿಲ್ಲ. ಈಗ ಅತ್ತೆಯ ಪಕ್ಕದಲ್ಲೇ ಮುದುಡಿ ಕೂತಿದ್ದರು. ಕೊನೆಯ ದೃಶ್ಯ ಬಂದಾಗ ಗಂಡಸರ ಕಡೆ ಮೂಗೊರೆಸುವ ಸದ್ದು, ಹಸೆಯನ್ನು ಗುರುತಿಸಿದ ಹೆಂಗಸರ ಕಡೆ ಗುಜುಗುಜು. ದುಗ್ಗಮ್ಮ ಸೊಸೆಯನ್ನೊಮ್ಮೆ ನೋಡಿ ಎದ್ದು ನಿಂತರು.

"ಎಂತಕ್ಕೆ ಅಳ್ತೀರ್ರೋ? ಹಸೆ ತುಂಬೈತೆ ನೋಡ್ರಿ. ಅವ್ರಿಗೆ ಲಗ್ನ ಆಗೈತೆ."

ಟೆಂಟಿಗೆ ಟೆಂಟೇ ನಕ್ಕಿತು. ಯಾರೋ ಕೈಯಲ್ಲಿದ್ದ ಮಂಡಕ್ಕಿಯನ್ನೇ ಅಕ್ಷತೆಯಂತೆ ಪರದೆಗೆ ಎರಚಿದರು.

ಸಿನಿಮಾ ಹೇಗಿತ್ತು ಎಂದು ಕೇಳಿದರೆ ಕೆರಿಯಮ್ಮ ಸೆರಗು ಬಾಯಿಗೊತ್ತಿ ನಗುತ್ತಾರೆ.

"ನಾ ಎಲ್ಲಿ ನೋಡ್ದೆ? ಕಣ್ಣೆಲ್ಲ ಗೋಡೆ ಮ್ಯಾಲೇ ಇತ್ತು. ತೀರ್ಥಹಳ್ಳಿ ಟೆಂಟಿಗೆ ಬಂದೈತಂತೆ, ಅತ್ತೇನೂ ಹೊರಟಾರೆ. ಈ ಸಲ ಆ ಹುಡ್ಗ ಹುಡ್ಗಿ ಮುಖ ನೋಡ್ಬೇಕು."