ಇನ್ನೂರ ಹದಿನೈದನೇ ಕೋಣೆಯ ಒಬ್ಬಳೇ ವಿದ್ಯಾರ್ಥಿನಿ

ಹೆಮ್ಲಾಕ್ ಬೇ ಊರಿನ ಕಾಲೇಜಿನ ಮೇಲಿನ ಮಹಡಿಯಲ್ಲಿ, ಇನ್ನೂರ ಹದಿನೈದನೇ ಕೋಣೆಯ ದೀಪಕ್ಕೆ ಸ್ವಿಚ್ಚಿಲ್ಲ. ಒಳಗೆ ಯಾರಾದರೂ ಅಲುಗಾಡಿದರೆ ಹತ್ತುತ್ತದೆ, ಎಂಟು ನಿಮಿಷ ಯಾರೂ ಅಲುಗಾಡದಿದ್ದರೆ ಆರುತ್ತದೆ. ಹತ್ತು ಜನರಿರುವ ತರಗತಿಯಲ್ಲಿ ಒಬ್ಬರು ಕೆಮ್ಮುತ್ತಾರೆ, ಇನ್ನೊಬ್ಬರು ಪೆನ್ನು ಬೀಳಿಸುತ್ತಾರೆ, ದೀಪಕ್ಕೆ ನಂಬಿಕೆ ಬರುತ್ತದೆ. ಒಬ್ಬಳೇ ಕೂತು ಗಮನವಿಟ್ಟು ಪಾಠ ಕೇಳಿದರೆ ಮಾತ್ರ ದೀಪ ಅವಳಿಗೆ ಗೈರುಹಾಜರಿ ಹಾಕುತ್ತದೆ. ಹಾಗಾಗಿ ಆರ್ಲಿಸ್ ಕೊಸ್ಕೆಲಾ ಎಂಬ ಐವತ್ತಮೂರು ವರ್ಷದ ಹೆಂಗಸು ಮಂಗಳವಾರ ಸಂಜೆ ನಾಲ್ಕರಿಂದ ಆರರವರೆಗೆ, ಓದಿನ ನಡುನಡುವೆ, ಹೊರಟುಹೋದ ಬಸ್ಸನ್ನು ಕೂಗಿ ನಿಲ್ಲಿಸುವವಳಂತೆ ತಲೆಯ ಮೇಲೆ ಎರಡೂ ಕೈ ಬೀಸುವುದನ್ನು ರೂಢಿ ಮಾಡಿಕೊಂಡಿದ್ದಳು.

ಆರ್ಲಿಸ್ ಊರಿನ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸಹಾಯಕಿ. ಟೀಚರ್ ಗಣಿತ ಹೇಳಿಕೊಡುವಾಗ ಇವಳು ಹಿಮದ ಬೂಟುಗಳ ಜೋಡಿ ಹುಡುಕಬೇಕು, ಟೀಚರ್ ಹಾಡು ಹೇಳಿಕೊಡುವಾಗ ಇವಳು ಮೂಗು ಒರೆಸಬೇಕು. ಓದಲು ತಿಣುಕುವ ಮಕ್ಕಳನ್ನು ಹಿಂದಿನ ಮೇಜಿಗೆ ಕರೆದುಕೊಂಡು ಹೋಗಿ, ಸಾಲಿನ ಕೆಳಗೆ ತನ್ನ ತೋರುಬೆರಳಿಟ್ಟು ಓದಿಸುವ ಕೆಲಸವೂ ಅವಳದೇ. ಊರಿನ ಅರ್ಧಕ್ಕರ್ಧ ಜನ ಆ ಬೆರಳಿನ ಮೇಲೆ ನಡೆದು ಅಕ್ಷರ ದಾಟಿದವರು. ಆದರೆ ಬೆರಳಿಗೆ ಪದವಿ ಇಲ್ಲ. ಪದವಿ ಇಲ್ಲದವರು ತರಗತಿಯ ಮುಂದೆ ನಿಲ್ಲುವಂತಿಲ್ಲ.

ಗಂಡ ಅದಿರಿನ ಹಡಗಿನಲ್ಲಿ ಕೆಲಸಕ್ಕಿದ್ದ. ಒಂದು ವಸಂತದಲ್ಲಿ ಹಡಗು ಡುಲೂತ್ ಬಂದರಿಗೆ ಹೋಗಿ ವಾಪಸು ಬಂತು, ಗಂಡ ಬರಲಿಲ್ಲ. ಮುಳುಗಿದ್ದರೆ ಅತ್ತು ಮುಗಿಸಬಹುದಿತ್ತು. ಆಸಾಮಿ ಅಲ್ಲೇ ಇಳಿದುಕೊಂಡಿದ್ದ. ಮಕ್ಕಳಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳೊಡನೆ ಮಾತಾಡುತ್ತಿದ್ದದ್ದು ಅಡುಗೆಮನೆಯ ರೇಡಿಯೋ ಒಂದೇ, ಅದೂ ಹವಾಮಾನದ ವಿಷಯ.

ಮೂರು ವರ್ಷದ ಹಿಂದೆ ಕಾಲೇಜಿನ ಬಾಗಿಲಿಗೆ ಒಂದು ಪೋಸ್ಟರು ಬಿತ್ತು. ‘ನಿಮ್ಮ ಊರಲ್ಲೇ ವಿಶ್ವವಿದ್ಯಾಲಯದ ಪದವಿ.’ ಊರ ಕಾಲೇಜಿನಲ್ಲಿ ಎರಡು ವರ್ಷದ ಓದು ಮಾತ್ರ ಇತ್ತು. ಅದನ್ನು ಆರ್ಲಿಸ್ ಹರೆಯದಲ್ಲೇ ಮುಗಿಸಿದ್ದಳು. ಮಿಕ್ಕಿದ್ದಕ್ಕೆ ಮೂರೂವರೆ ಗಂಟೆ ಕಾರು ಓಡಿಸಬೇಕಿತ್ತು, ಅದೂ ರಸ್ತೆ ಕಾಣುವ ತಿಂಗಳುಗಳಲ್ಲಿ. ಈಗ ವಿಶ್ವವಿದ್ಯಾಲಯವೇ ಬಂದು ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇಳಿದಿತ್ತು. ಅದರ ಪಾಲಿಗೆ ಬಂದದ್ದು ಒಂದು ಕೋಣೆ, ಒಂದು ದೊಡ್ಡ ಪರದೆ, ಮತ್ತು ಬ್ರೆಂಟ್ ಎಂಬ ಒಬ್ಬ ಸಂಚಾಲಕ. ವಿಶ್ವ ಹೋಗಲಿ, ಆಲಯವಾದರೂ ಆಗಲು ಇನ್ನೆರಡು ಕೋಣೆ ಬೇಕಿತ್ತು. ಅಧ್ಯಾಪಕರು ದೂರದ ಊರಿನಿಂದ ಪರದೆಯ ಮೇಲೆ ಬಂದು ಪಾಠ ಮಾಡಿ ಹೋಗುತ್ತಿದ್ದರು, ಅಕ್ಷರಶಃ ದೂರದರ್ಶನ.

ಶುರುವಿನಲ್ಲಿ ಹನ್ನೊಂದು ಜನ ಸೇರಿದ್ದರು. ಒಬ್ಬಳಿಗೆ ಅವಳಿ ಮಕ್ಕಳಾದವು. ಇಬ್ಬರಿಗೆ ಜೈಲಿನಲ್ಲಿ ಕೆಲಸ ಸಿಕ್ಕಿತು. ಆ ಕಡೆ ಅದು ಒಳ್ಳೆಯ ಕೆಲಸ. ಒಬ್ಬ ಬೀಜಗಣಿತಕ್ಕೆ ಹೆದರಿ ಅಲಾಸ್ಕಾಗೆ ಹೋದ ಎಂದು ಪ್ರತೀತಿ. ಹೀಗೆ ಹನ್ನೊಂದರಲ್ಲಿ ಒಂದೊಂದೇ ಉದುರಿ ಹಿಂದಿನ ಬೇಸಿಗೆಯ ಹೊತ್ತಿಗೆ ಆರ್ಲಿಸ್ ಒಬ್ಬಳು ಉಳಿದಳು. ಅವಳ ಪದವಿಗೆ ಬಾಕಿ ಉಳಿದದ್ದೂ ಒಂದೇ ಒಂದು ಕೋರ್ಸು: ‘ಮಕ್ಕಳಿಗೆ ಓದು ಕಲಿಸುವ ವಿಧಾನ’. ಅಷ್ಟರಲ್ಲಿ ಶಾಲೆಯ ಮೂರನೇ ತರಗತಿಯ ಟೀಚರ್ ಜೂನಿನಲ್ಲಿ ನಿವೃತ್ತಿ ಎಂದು ಹೇಳಿಯೂಬಿಟ್ಟರು. ಮುಖ್ಯೋಪಾಧ್ಯಾಯರು ಆರ್ಲಿಸ್‌ಳನ್ನು ಕರೆದು, “ಜೂನಿನೊಳಗೆ ಪದವಿ ಮುಗಿಸ್ಕೊಂಡು ಬಾ, ಆ ರೂಮು ನಿಂದು. ಇಲ್ಲಾಂದ್ರೆ ಹೊರಗಿನವ್ರನ್ನ ತಗೋಬೇಕಾಗುತ್ತೆ. ಆಮೇಲೆ ಮೂವತ್ತು ವರ್ಷ ಆ ಕುರ್ಚಿ ಖಾಲಿಯಾಗಲ್ಲ,” ಎಂದರು.

ಡಿಸೆಂಬರಿನಲ್ಲಿ ಬ್ರೆಂಟ್ ಅವಳನ್ನು ಕೂರಿಸಿಕೊಂಡು ಗಂಟಲು ಸರಿಮಾಡಿಕೊಂಡ.

“ಆರ್ಲಿಸ್, ಕ್ಲಾಸ್ ನಡೀಬೇಕಾದ್ರೆ ಕಡಿಮೆ ಅಂದ್ರೂ ಆರು ಜನ ಬೇಕು. ಜನವರಿ ಹತ್ತರೊಳಗೆ.”

“ಯಾರು?”

“ಯಾರಾದ್ರೂ ಆಗ್ಬೋದು. ಆರು ಆಗ್ಬೇಕು ಅಷ್ಟೆ.”

ಆರು ಇಲ್ಲದಿದ್ದರೆ ಆರಿಹೋಗುವುದು ಆ ಕೋಣೆಯ ದೀಪ ಮಾತ್ರವಲ್ಲ ಎಂದು ಆರ್ಲಿಸ್‌ಗೆ ಆಗ ತಿಳಿಯಿತು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ. ಅವಳು ಯಾರಲ್ಲೂ ಏನೂ ಕೇಳುವವಳಲ್ಲ. ಆದರೆ ಎದುರಿಗೆ ಕೂತ ಐಲಿ ತೊಲೊನೆನ್‌ಗೆ ಎಪ್ಪತ್ತೆಂಟು ವರ್ಷ, ಎದುರಿದ್ದವರ ಮುಖ ಓದುವುದಕ್ಕೆ ಅವಳಿಗೆ ಯಾವ ವಿಧಾನವೂ ಬೇಕಿರಲಿಲ್ಲ.

“ಏನೇ, ಬ್ರೆಡ್ಡು ಹಂಗೇ ಇದೆ? ನಾನು ಏಲಕ್ಕಿ ಹಾಕಿ ಮಾಡಿದ ನೀಸು ಬ್ರೆಡ್ಡು ಬಿಡೋರು ಸಾಯ್ತಿರೋರು ಮಾತ್ರ.”

ಆರ್ಲಿಸ್ ಹೇಳಿದಳು. ಪಕ್ಕದಲ್ಲಿ ಕಾಗದದ ಕಾರ್ಖಾನೆಯಿಂದ ನಿವೃತ್ತನಾದ ವೆಸ್ ಮಾಟಿಲಾ ಕಾಫಿ ಕೆಳಗಿಟ್ಟ.

“ಐದು ಜನ ಕಡಿಮೆನಾ? ಈ ಮೇಜಲ್ಲಿ ನಿನ್ನ ಬಿಟ್ಟು ಎಷ್ಟು ಜನ ಇದೀವಿ ನೋಡು, ಸರಿಯಾಗಿ ಐದು. ಅರವತ್ತು ದಾಟಿದವ್ರಿಗೆ ಕಾಲೇಜು ಪುಕ್ಕಟೆ. ನಾನು ವೆಲ್ಡಿಂಗ್ ಎರಡು ಸಲ ಕಲ್ತಿದೀನಿ.”

“ಎರಡು ಸಲ ಯಾಕೆ ಗೊತ್ತಾ?” ಎಂದಳು ಐಲಿ. “ಮೊದಲನೇ ಸಲ ಬೆಸೆದದ್ದು ಬಿಟ್ಕೊಳ್ತು.”

“ಇದು ಓದು ಕಲಿಸೋ ಕ್ಲಾಸು, ವೆಸ್. ನಿದ್ದೆ ಬರುತ್ತೆ,” ಎಂದಳು ಆರ್ಲಿಸ್.

“ಬರ್ಲಿ ಬಿಡು. ಅವ್ರು ಕೇಳಿರೋದು ಆರು ತಲೆ. ಎಚ್ಚರವಾಗಿರೋ ತಲೆ ಅಂತ ಕೇಳಿಲ್ವಲ್ಲ.”

ಜನವರಿ ಹತ್ತರ ಸಂಜೆ ಐಲಿಯ ಫೋನು ಬಂತು. “ಐದೂ ಜನ ಹೋಗಿ ಹೆಸರು ಬರೆಸಿ ಬಂದ್ವಿ. ಮಂಗಳವಾರ, ನಾಲ್ಕು ಗಂಟೆ, ಮೇಲಿನ ಮಹಡಿ. ನಮ್ಗೆ ಹೋಮ್‌ವರ್ಕ್ ನೀನೇ ಮಾಡ್ಕೊಡ್ಬೇಕು.” ಫೋನಿಟ್ಟ ಮೇಲೆ ಆರ್ಲಿಸ್ ಅಡುಗೆಮನೆಗೆ ಹೋದಳು. ಹವಾಮಾನ ಹೇಳುತ್ತಿದ್ದ ರೇಡಿಯೋಗೆ, “ಕೇಳಿಸ್ತಾ?” ಎಂದಳು.

ಮಾರನೇ ದಿನ ಬೆಳಿಗ್ಗೆ ಬ್ರೆಂಟ್ ಫೋನು ಮಾಡಿ ಪಟ್ಟಿಯಲ್ಲಿ ಒಂದೇ ಹೆಸರಿದೆ ಎಂದ.

ಆದದ್ದು ಇಷ್ಟು. ಕಾಲೇಜಿನ ಕೆಳಗಿನ ಹಜಾರದಲ್ಲಿ ಅಕ್ಕಪಕ್ಕ ಎರಡು ಕಿಟಕಿಗಳಿವೆ. ಹಸಿರು ಬೋರ್ಡಿನದು ಊರ ಕಾಲೇಜಿನದು, ನೀಲಿ ಬೋರ್ಡಿನದು ವಿಶ್ವವಿದ್ಯಾಲಯದ್ದು. ಹಿರಿಯರಿಗೆ ಪುಕ್ಕಟೆ ಇರುವುದು ಹಸಿರಿನಲ್ಲಿ. ವೆಲ್ಡಿಂಗು, ಕುಂಬಾರಿಕೆ, ಹಕ್ಕಿ ನೋಡುವುದು ಎಂದು ಹದಿನೈದು ವರ್ಷದಿಂದ ಹಸಿರು ಕಿಟಕಿಗೇ ಹೋಗಿ ಅಭ್ಯಾಸವಾದ ಕಾಲುಗಳು ಅಂದೂ ಅಲ್ಲಿಗೇ ಹೋದವು. ‘ಮಂಗಳವಾರ, ನಾಲ್ಕು ಗಂಟೆ, ಮಕ್ಕಳು, ಪುಸ್ತಕ’ ಎಂದು ಐಲಿ ಹೇಳಿದ್ದಕ್ಕೆ ಕಿಟಕಿಯ ಹುಡುಗಿ ಸರಿಯಾಗಿಯೇ ಹುಡುಕಿ ಕೊಟ್ಟಿದ್ದಳು: ‘ಮಕ್ಕಳ ಕಥೆ ಪುಸ್ತಕಗಳ ಪರಿಚಯ’. ಅದು ಊರ ಕಾಲೇಜಿನ ಕೋರ್ಸು. ಎರಡು ಕಿಟಕಿಗೂ ಒಂದೇ ಗೋಡೆ, ಕಂಪ್ಯೂಟರುಗಳು ಮಾತ್ರ ಮಾತು ಬಿಟ್ಟ ದಾಯಾದಿಗಳು.

ನೀಲಿ ಕಿಟಕಿಗೆ ಬದಲಾಯಿಸಲು ಗಡುವು ದಾಟಿತ್ತು. ದಾಟದಿದ್ದರೂ ಅಲ್ಲಿ ಹಳೆಯ ಅಂಕಪಟ್ಟಿ ಕೇಳುತ್ತಿದ್ದರು, ವೆಸ್ ಎಂಟನೇ ತರಗತಿಗೇ ಕಾರ್ಖಾನೆ ಸೇರಿದವನು.

“ಕ್ಲಾಸು ರದ್ದು,” ಎಂದ ಬ್ರೆಂಟ್, ಅವಳು ಅವನ ಮೇಜಿನ ಮುಂದೆ ಬಂದು ನಿಂತಾಗ. ಕೆಟ್ಟವನಲ್ಲ, ಹೇಳುವಾಗ ಮೇಜಿನ ಮೇಲಿನ ಸ್ಟೇಪ್ಲರ್ ನೋಡುತ್ತಿದ್ದ. “ಒಂದೇ ದಾರಿ ಇರೋದು. ಆ ಕೋರ್ಸಿನ ಪಾಠ ಮಾಡೋ ಡಾಕ್ಟರ್ ಹದ್ದಾದ್ ಒಪ್ಪಿದ್ರೆ, ಪ್ರತ್ಯೇಕ ಅಧ್ಯಯನ ಅಂತ ಒಂದು ಫಾರಂ ಇದೆ. ನೀನು ಒಬ್ಬಳೇ, ಅವ್ರು ಒಬ್ರೇ.”

ಡಾ. ಮರಿಯಮ್ ಹದ್ದಾದ್ ಒಪ್ಪಿದರು. ಕಣ್ಣೂ ಹೆಸರಿಗೆ ತಕ್ಕಂತೆ ಹದ್ದಿನದೇ. ಮೊದಲ ಮಂಗಳವಾರ ಪರದೆಯ ಮೇಲೆ ಮೂಡಿದವರೇ ಹೇಳಿದರು: “ಒಂದು ಷರತ್ತು. ಕೊನೇ ಪರೀಕ್ಷೆ ಅಂದ್ರೆ ನೀವು ಪಾಠ ಮಾಡೋದು, ಕೇಳೋರ ಎದುರಿಗೆ. ಗೋಡೆಗೆ ಪಾಠ ಹೇಳಿದವ್ರನ್ನ ನಾನು ಪಾಸ್ ಮಾಡಲ್ಲ. ಜನ ಇದಾರಾ?”

“ಇದಾರೆ,” ಎಂದಳು ಆರ್ಲಿಸ್. “ಪಕ್ಕದ ರೂಮಲ್ಲೇ ಇದಾರೆ.”

ಇದ್ದರು. ಇನ್ನೂರ ಹದಿನಾಲ್ಕರಲ್ಲಿ ಐವರೂ ಕೂತಿದ್ದರು. ಇವಳಿಗಾಗಿಯೇ ಸೇರಿದವರು ಇವಳಿಲ್ಲದೆ ಬಹಳ ಸುಖವಾಗಿದ್ದರು. ಇವಳು ಇತ್ತ ಸ್ವರಗಳ ಉಚ್ಚಾರಣೆಯ ಬಗ್ಗೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದರೆ ಅತ್ತ ವೆಸ್ ಕರಡಿಯ ಪಾತ್ರವನ್ನು ಗುಟುರು ಹಾಕಿ ಓದುತ್ತಿದ್ದ. ಐಲಿಯ ನಗು ಗೋಡೆ ದಾಟಿ ಬರುತ್ತಿತ್ತು. ಗೋಡೆಗೆ ಹತ್ತಿರದ ಕುರ್ಚಿಯಲ್ಲಿ ಕೂತರೆ ಮಾತೂ ಕೇಳಿಸುತ್ತಿತ್ತು. ಆರ್ಲಿಸ್ ಮೊದಲು ದೂರದ ಕುರ್ಚಿಗೆ ಹೋದಳು, ಎರಡು ವಾರ ಬಿಟ್ಟು ಹತ್ತಿರದ ಕುರ್ಚಿಗೆ ಬಂದಳು.

ಅವರಿಗೆ ಐದಕ್ಕೆ ಬಿಡುವು, ಇವಳಿಗೆ ಐದೂಕಾಲಿಗೆ. ಇವಳು ಹೊರಗೆ ಬರುವಷ್ಟರಲ್ಲಿ ಅವರು ಒಳಗೆ ಹೋಗಿ ಮೊಗಸಾಲೆ ಖಾಲಿ. ಬಾಗಿಲ ಹೊರಗಿನ ಕುರ್ಚಿಯ ಮೇಲೆ ಕಾಗದದಲ್ಲಿ ಸುತ್ತಿದ ಒಂದು ತುಂಡು ನೀಸು ಬ್ರೆಡ್ಡು ಇರುತ್ತಿತ್ತು, ಏಲಕ್ಕಿಯ ವಾಸನೆ, ಇನ್ನೂ ಬಿಸಿಯಿರುವ ಕಾಫಿ. ಅಲ್ಲೇ ನಿಂತು ತಿನ್ನುತ್ತಿದ್ದಳು. ತಿಂದು ಮುಗಿಸುವಷ್ಟರಲ್ಲಿ ಒಳಗೆ ದೀಪ ಆರಿರುತ್ತಿತ್ತು.

ಭಾನುವಾರದ ಕಾಫಿಯಲ್ಲಿ ಐವರ ನಡುವೆ ಕರಡಿ, ಮೊಲ, ಮಾಟಗಾತಿಯರ ಮಾತೇ ಮಾತು. “ನಿಂಗೆ ಗೊತ್ತಾಗಲ್ಲ ಬಿಡು, ನೀನು ಆ ಕ್ಲಾಸಲ್ಲಿ ಇರ್ಲಿಲ್ಲ,” ಎಂದು ಒಮ್ಮೆ ವೆಸ್ ಅಂದು, ಅಂದ ಮೇಲೆ ಪೆಚ್ಚಾಗಿ ಮೀಸೆ ಒರೆಸಿಕೊಂಡ.

“ಕೊನೇ ಮಂಗಳವಾರ ನಾನು ಪಾಠ ಮಾಡ್ಬೇಕು,” ಎಂದಳು ಆರ್ಲಿಸ್. “ನೀವು ಐದೂ ಜನ ಬಂದು ಕೂತ್ಕೋಬೇಕು. ಇಲ್ಲಾಂದ್ರೆ ಪಾಸಾಗಲ್ಲ, ಪಾಸಾಗ್ದಿದ್ರೆ ಮೂರನೇ ಕ್ಲಾಸಿನ ಆ ರೂಮಿಲ್ಲ.”

“ಕೊನೇ ಮಂಗಳವಾರ,” ಎಂದಳು ಐಲಿ, ಅವಳ ಕೈ ಮೇಲೆ ಕೈಯಿಟ್ಟು. “ಸತ್ರೆ ನನ್ನ ಎತ್ಕೊಂಡ್ಬಂದು ಕೂರಿಸ್ಲಿ.”

ಯಾರ ಕೊನೆಯ ಮಂಗಳವಾರ ಎಂದು ಆ ಮೇಜಿನಲ್ಲಿ ಯಾರೂ ಕೇಳಲಿಲ್ಲ. ಊರ ಕಾಲೇಜಿನ ಪಂಚಾಂಗದಲ್ಲಿ ವರ್ಷ ಮುಗಿಯುವುದು ಏಪ್ರಿಲ್ ಕೊನೆಗೆ. ವಿಶ್ವವಿದ್ಯಾಲಯದ್ದು ಒಂದು ವಾರ ತಡ. ಸಾಲದ್ದಕ್ಕೆ ಏಪ್ರಿಲಿನ ಕೊನೆಯ ಮಂಗಳವಾರ ವಿಶ್ವವಿದ್ಯಾಲಯದಲ್ಲಿ ‘ಓದಿಕೊಳ್ಳುವ ದಿನ’, ಪಾಠವಿಲ್ಲ. ಆರ್ಲಿಸ್ ಅಂದು ಮನೆಯಲ್ಲೇ ಕೂತು ತನ್ನ ಪಾಠವನ್ನು ಹದಿನಾಲ್ಕನೇ ಸಲ ಬರೆಯುತ್ತಿದ್ದಳು. ಸಂಜೆ ಐಲಿಯ ಫೋನು ಬಂತು.

“ಎಲ್ಲಿ ಹೋಗಿದ್ಯೇ? ಕೇಕ್ ತಂದು ಐದೂ ಜನ ನಿನ್ನ ರೂಮಲ್ಲಿ ಕೂತಿದ್ವಿ. ಎರಡು ಸಲ ದೀಪ ಆರ್ತು. ವೆಸ್ ಯಾರೋ ಸತ್ರು ಅಂದ.”

ಆರ್ಲಿಸ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. “ನಂದು ಮುಂದಿನ ವಾರ, ಐಲಿ.”

ಆ ಕಡೆ ಐಲಿ ಕ್ಯಾಲೆಂಡರಿನ ಹಾಳೆ ಮಗುಚಿದ್ದು ಕೇಳಿಸಿತು. “ನಾಳೆ ಬೆಳಿಗ್ಗೆ ಮಗಳು ಬಂದು ಗ್ರೀನ್ ಬೇ ಊರಿಗೆ ಕರ್ಕೊಂಡ್ಹೋಗ್ತಾಳೆ. ಕಣ್ಣಿನ ಆಪರೇಷನ್, ಎರಡು ವಾರ ಅಲ್ಲೇ ಇರ್ಬೇಕು. ವೆಸ್, ಆ ಮೂರು ಜನ ಎಲ್ಲ ಕೆರೆ ಮನೆಗೆ ಆಗ್ಲೇ ಹೊರಟ್ಹೋದ್ರು, ಮಂಜುಗಡ್ಡೆ ಕರಗ್ತಲ್ಲ, ಮೀನು ಹಿಡಿಯಕ್ಕೆ. ಅಲ್ಲಿ ಫೋನೂ ಸಿಗಲ್ಲ. ಆಪರೇಷನ್ ಮುಂದಕ್ಕೆ ಹಾಕ್ತೀನಿ.”

“ಬೇಡ. ನಾಲ್ಕು ತಿಂಗಳು ಕಾದು ಸಿಕ್ಕಿರೋ ದಿನ ಅದು. ಬೇರೆ ಯಾರನ್ನಾದ್ರೂ ಕರೀತೀನಿ.”

ಕರೆಯಲಿಲ್ಲ. ಶಾಲೆಯ ಮಕ್ಕಳನ್ನು ಕರೆತರಬೇಕೆಂದರೆ ಇಪ್ಪತ್ತೆರಡು ಅಪ್ಪಅಮ್ಮಂದಿರ ಸಹಿ, ಬಸ್ಸಿನ ಅರ್ಜಿ, ಎರಡು ವಾರದ ಮುನ್ಸೂಚನೆ ಬೇಕಿತ್ತು. ನೆರೆಯವರ ಬಾಗಿಲ ತನಕ ಎರಡು ಸಲ ಹೋದಳು. ಒಮ್ಮೆ ಬಾಗಿಲು ತಟ್ಟಲು ಕೈಯೆತ್ತಿದ್ದೂ ಹೌದು. ದೀಪಕ್ಕಾದರೆ ಕೈ ಬೀಸುವ ಅಭ್ಯಾಸವಿತ್ತು, ಮನುಷ್ಯರಿಗಿರಲಿಲ್ಲ.

ಮೇ ತಿಂಗಳ ಮೊದಲ ಮಂಗಳವಾರ ಮಹಡಿ ಹತ್ತಿ ಬಂದಾಗ ಇನ್ನೂರ ಹದಿನಾಲ್ಕರಲ್ಲಿ ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗಾಗಿ ಕೂತಿದ್ದವು. ಇನ್ನೂರ ಹದಿನೈದರ ಬಿಳಿ ಹಲಗೆಯ ಮೇಲೆ ವೆಸ್‌ನ ದಪ್ಪ ಅಕ್ಷರವಿತ್ತು: ‘ಆರ್ಲಿಸ್, ನಾವು ಐದು ಜನ ಬಂದಿದ್ವಿ. ಆರನೆಯವಳು ನೀನು, ಎಲ್ಲಿ?’ ಕೆಳಗೆ ಐದು ಸಹಿ. ಅವಳು ಅದನ್ನು ಒರೆಸದೆ ಐದು ಕುರ್ಚಿಗಳನ್ನು ಸಾಲಾಗಿ ಇಟ್ಟಳು.

ಡಾ. ಹದ್ದಾದ್ ಮೂಡಿದರು. “ಕೇಳೋರು ಎಲ್ಲಿ?”

ಆರ್ಲಿಸ್ ಸುಳ್ಳು ಹೇಳಲು ಹೋಗಲಿಲ್ಲ. ಕಿಟಕಿ, ಪಂಚಾಂಗ, ಕಣ್ಣು, ಮೀನು, ಎಲ್ಲ ಹೇಳಿದಳು.

“ಕ್ಯಾಮೆರಾ ಆ ಕಡೆ ತಿರುಗಿಸಿ,” ಎಂದರು ಅವರು. ಹಲಗೆಯನ್ನು ಓದಿದರು, ಕುರ್ಚಿಗಳನ್ನು ಎಣಿಸಿದರು. ಕನ್ನಡಕ ತೆಗೆದಿಟ್ಟರು.

“ನಾನು ಈ ದೇಶಕ್ಕೆ ಬಂದಾಗ ನನಗೆ ಎಂಟು ವರ್ಷ. ಈ ಭಾಷೇಲಿ ಒಂದಕ್ಷರ ಓದಕ್ಕೆ ಬರ್ತಿರ್ಲಿಲ್ಲ. ಆ ಹುಡುಗೀನ ನಿಮ್ಮೆದುರು ಕೂರಿಸ್ತೀನಿ, ಈಗ ನಾನೇ ಅವಳು. ಅವಳಿಗೆ ಹಟ ಜಾಸ್ತಿ, ಸುಲಭಕ್ಕೆ ಬಗ್ಗಲ್ಲ. ಅವಳಿಗೆ ಕಲಿಸಿದ್ರೆ ಪಾಸು. ಶುರು ಮಾಡಿ.”

ಆ ಹುಡುಗಿ ನಿಜವಾಗಿಯೂ ಬಗ್ಗಲಿಲ್ಲ. ಓದೆಂದರೆ ಕಿಟಕಿ ನೋಡಿದಳು. ಕೇಳಿದರೆ ಭುಜ ಕುಣಿಸಿದಳು. “ಇದು ಬೋರು,” ಎಂದಳು. ಹದಿನಾಲ್ಕು ಸಲ ಬರೆದ ಪಾಠ ಎರಡು ನಿಮಿಷಕ್ಕೆ ಕೈಕೊಟ್ಟಿತು. ಆರ್ಲಿಸ್ ಕಾಗದ ಬದಿಗಿಟ್ಟು ಕುರ್ಚಿಗಳ ಸಾಲು ದಾಟಿ ಪರದೆಯ ಹತ್ತಿರ ಹೋದಳು, ಪುಸ್ತಕವನ್ನು ಕ್ಯಾಮೆರಾಕ್ಕೆ ಹಿಡಿದು ಸಾಲಿನ ಕೆಳಗೆ ಬೆರಳಿಟ್ಟಳು.

“ನನ್ ಬೆರಳು ನಿಂತ ಕಡೆ ನೀನೂ ನಿಲ್ಲು ಪುಟ್ಟಾ. ನನಗೂ ಅವಸರ ಇಲ್ಲ, ನನ್ನ ಮನೇಲಿ ಯಾರೂ ಕಾಯ್ತಿಲ್ಲ.”

ಹುಡುಗಿ ಒಂದು ಪದ ಓದಿದಳು. ಬೇಕೆಂದೇ ತಪ್ಪಾಗಿ, ಆಮೇಲೆ ಸರಿಯಾಗಿ. ಮುಕ್ಕಾಲು ಗಂಟೆಗೆ ಒಂದು ಪುಟ ಮುಗಿಯಿತು. ಡಾ. ಹದ್ದಾದ್ ಕನ್ನಡಕ ಹಾಕಿಕೊಂಡು, “ಅಭಿನಂದನೆಗಳು ಮಿಸೆಸ್ ಕೊಸ್ಕೆಲಾ,” ಎಂದರು. ಪರದೆ ಕಪ್ಪಾಯಿತು.

ಆಗಲೇ ಆರ್ಲಿಸ್‌ಗೆ ಹೊಳೆದದ್ದು: ಮುಕ್ಕಾಲು ಗಂಟೆಯಲ್ಲಿ ಒಮ್ಮೆಯೂ ಕೈ ಬೀಸಿರಲಿಲ್ಲ, ಒಮ್ಮೆಯೂ ದೀಪ ಆರಿರಲಿಲ್ಲ. ಐದು ಕುರ್ಚಿಗಳಲ್ಲಿ ಒಂದರ ಮೇಲೆ ಕೂತಳು. ಎಂಟು ನಿಮಿಷ ಕೂತಿದ್ದಳು, ದೀಪ ಆರುವ ತನಕ.

ಪದವಿಪತ್ರ ಜೂನಿನಲ್ಲಿ ಅಂಚೆಯಲ್ಲಿ ಬಂತು, ಅವಳು ಒಮ್ಮೆಯೂ ಕಾಲಿಡದ ಊರಿನಿಂದ. ಐಲಿ ಹೊಸ ಕಣ್ಣಿನಲ್ಲಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದ್ರಲ್ಲಿ ನಮ್ಮ ಊರಿನ ಹೆಸರೇ ಇಲ್ವಲ್ಲೇ,” ಎಂದಳು. ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಮೂರನೇ ತರಗತಿಯ ಕೋಣೆ ಅವಳದಾಯಿತು. ಮೊದಲ ದಿನ ಇಪ್ಪತ್ತೆರಡು ಮಕ್ಕಳು ಕೋಣೆಯನ್ನು ತಲೆಯ ಮೇಲೆ ಹೊತ್ತರು. ಮೂರೂವರೆಗೆ ಬಸ್ಸು ಬಂದು ಎಲ್ಲರನ್ನೂ ಒಯ್ದಿತು. ಆರ್ಲಿಸ್ ತನ್ನ ಮೇಜಿನ ಹಿಂದೆ ಕೂತು ದೀಪ ಆರಲಿ ಎಂದು ಕಾದಳು. ಬಹಳ ಹೊತ್ತಾಯಿತು. ಹಳೆಯ ಶಾಲೆ, ಬಾಗಿಲ ಪಕ್ಕದಲ್ಲಿ ಸ್ವಿಚ್ಚು. ಕೊನೆಗೆ ಅವಳೇ ಎದ್ದು ಹೋಗಿ ಆರಿಸಿದಳು.