ಕೌದಿಗೊಂದು ಮಿತೋಪದೇಶ

ನನ್ನ ಬೀರುವಿನ ಆರು ಅಂಗಿಗಳೂ ಬೂದು ಬಣ್ಣದವೆಂಬುದನ್ನು ನಾನು ಗಮನಿಸಿದ್ದು ನಿವೃತ್ತನಾದ ಮೇಲೆ. ವಿಜಯನಗರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ತತ್ತ್ವಶಾಸ್ತ್ರದ ಪಾಠ ಹೇಳಿದವನು ನಾನು. ಅದರಲ್ಲೂ ಚೀನಾದ ಕನ್ಫ್ಯೂಷಿಯಸ್ ನನಗೆ ಅಚ್ಚುಮೆಚ್ಚು. ಅತಿಗೂ ಕೊರತೆಗೂ ವಾಲದ ಅವನ ಮಿತದ ವಿಚಾರವನ್ನು ಗಂಟೆ ಹೊಡೆದ ಮೇಲೂ ಅಮಿತವಾಗಿ ಕೊರೆದು, ವಿದ್ಯಾರ್ಥಿಗಳ ಶಾಪವನ್ನು ಧಾರಾಳವಾಗಿ ಸಂಪಾದಿಸಿದ್ದೇನೆ. ಆ ಉಪದೇಶ ತರಗತಿಯಲ್ಲೇ ಉಳಿದಿದ್ದರೆ ಇದನ್ನು ನಿಮ್ಮ ಮುಂದೆ ಹೇಳಿಕೊಳ್ಳುವ ಪ್ರಮೇಯ ಬರುತ್ತಿರಲಿಲ್ಲ.

ಕುರುಬರಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರು ಸಾವಿತ್ರಕ್ಕ. ಬಾಗಲಕೋಟೆ ಕಡೆಯವರು, ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ನೆಲೆಸಿದ್ದರು. ಹಳೆಯ ಬಟ್ಟೆಯ ತುಣುಕುಗಳನ್ನು ಜೋಡಿಸಿ, ಹೊದೆಯುವ ಕೌದಿ ಹೊಲಿಯುವುದು ಅವರ ನಿತ್ಯದ ಕೆಲಸ. ಇಳಕಲ್ ಸೀರೆಯ ಸೆರಗು, ಮೊಮ್ಮಗಳ ಯೂನಿಫಾರ್ಮು, ಗಂಡನ ಲುಂಗಿ, ಎಲ್ಲಕ್ಕೂ ಅಲ್ಲಿ ಸಮಾನ ಗೌರವ.

ಒಂದು ಮಧ್ಯಾಹ್ನ ತಾರಸಿಯ ಮೇಲೆ ಹರಡಿದ್ದ ಕೌದಿಯನ್ನು ನೋಡಿ, ಅವರು ಕೇಳದಿದ್ದರೂ, ಹೇಳಿದೆ: "ಅಕ್ಕಾ, ಬಣ್ಣಗಳ ಗಲಾಟೆ ತುಂಬಾ ಆಯ್ತು ಕಣ್ರೀ. ಎರಡೇ ಬಣ್ಣ ಇಟ್ಕೊಳ್ಳಿ, ಲಕ್ಷಣವಾಗಿರುತ್ತೆ."

"ಕಲ್ತಾವ್ರು ನೀವು ಹೇಳಾಕ್ಹತ್ತೀರಂದ್ರ ಖರೇನ ಇರಬೇಕ್ರಿ ಸರ."

ಮುಂದಿನ ಕೌದಿ ಬರೀ ನೀಲಿ, ಬಿಳಿ. ಬೀದಿಯವರೆಲ್ಲ ಹೊಗಳಿದರು, ನಾನು ಬೀಗಿದೆ. ಅದರ ನಂತರದ್ದು ಅರ್ಧಕ್ಕೆ ನಿಂತಿತು. ಸೂಜಿ ಡಬ್ಬಿ ಮಂಚದ ಕೆಳಗೆ ಸೇರಿತು. ಕಾರಣ ಕೇಳಲು ನನಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಪಾರ್ಶ್ವವಾಯು ಅವರ ಬಲಗೈಯನ್ನು ಕಸಿದುಕೊಂಡಿತ್ತು.

ನೋಡಲು ಹೋದವನು ಕೇಳಿದೆ: "ಯಾಕಕ್ಕಾ ಹೊಲಿಯೋದು ಬಿಟ್ಬಿಟ್ರಿ ಆವಾಗ?"

"ಎರಡ ಬಣ್ಣ ಅಂದ್ರ ಮುಂದ ಯಾವ ತುಣುಕು ಬರತೈತಿ ಅಂತ ಮೊದಲ ಗೊತ್ತಿರತೈತಲ್ರೀ ಸರ. ಕೈಗೆ ಕೆಲಸ ಇತ್ತು, ನನಗ ಇರಲಿಲ್ಲ."

ಆ ಮಾತಿನಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಹಿಂದೆ ಹೊಲಿದು ಊರಿನಿಂದ ತಂದಿದ್ದ ಹಳೆಯ ಕೌದಿಯೊಂದನ್ನು ಮಗಳು ಅವರ ಕಾಲಿನ ಮೇಲೆ ಹೊದಿಸಿದ್ದಳು. ತಲೆ ತಗ್ಗಿಸಿದ್ದರಿಂದ ನನಗದು ಮೊದಲ ಸಲ ಸರಿಯಾಗಿ ಕಂಡಿತು: ಅಷ್ಟು ಬಣ್ಣಗಳ ನಡುವೆ ಕೆಂಪು ಒಂದೇ ಒಂದು ಕಡೆ. ಯಾಕೆಂದು ಕೇಳಿದೆ.

"ಮೊದಲ ಭಾಳ ಹಾಕಿದ್ನಿರಿ. ಹೆಚ್ಚಾತು ಅನಿಸ್ತು, ಬಿಚ್ಚಿದ್ನಿ. ಒಂದ ಸಾಕಾತು."

ಹೆಚ್ಚಾಗುವವರೆಗೆ ಹಾಕಿ, ಹೆಚ್ಚಾಯಿತೆಂದು ತಮಗೇ ಕಂಡಾಗ ಬಿಚ್ಚಿದ್ದ ಆ ಹೆಂಗಸನ್ನು ನನ್ನ ಚೀನೀ ಗುರು ಕಂಡಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಅವನ ಹೆಸರಿನಲ್ಲಿ ನಾನು ಅವರಿಗೆ ಮಿತವೆಂದು ಕೊಟ್ಟದ್ದು, ಬಣ್ಣಕ್ಕೆ ಹೆದರಿ ಬೂದು ಅಂಗಿ ತೊಟ್ಟವನ ಬರೀ ಅಂಜಿಕೆ.

"ತಪ್ಪಾಯ್ತು ಅಕ್ಕಾ," ಎಂದೆ.

"ಇರಲಿ ಬಿಡ್ರಿ, ಚಾ ಕುಡೀರಿ," ಎನ್ನುತ್ತ ಎಡಗೈಯಿಂದ ಲೋಟವನ್ನು ನನ್ನತ್ತ ಸರಿಸಿದರು. ಚಹಾ ತುಳುಕಿ ಮೇಜಿನ ಮೇಲೆ ಹರಿಯಿತು. ಅಭ್ಯಾಸಬಲದಿಂದ ಅವರು ಒರೆಸಲು ಹೊರಟದ್ದು ಬಲಗೈಯಿಂದ. ಅದು ಮಡಿಲಲ್ಲಿ ಇದ್ದ ಹಾಗೆಯೇ ಇತ್ತು. ಇಬ್ಬರೂ ಅದನ್ನೇ ನೋಡುತ್ತ ಕುಳಿತೆವು.