ಮಾವನ ಕನ್ನಡಕ

ಹೊಳೆಗೆ ಇಳಿಯುವ ಮುಂಚೆ ಹೊಳೆಯ ಮಾತು ಕೇಳಿ ಇಳಿಯುವ ಜನ ಆಗಿನ್ನೂ ನಮ್ಮ ಕಾವೇರಿ ದಂಡೆಯಲ್ಲಿದ್ದರು. ನನ್ನ ಸೋದರಮಾವ ಸಣ್ಣಸ್ವಾಮಿ ಅಂಥವನು. ಕೊಪ್ಪದಿಂದ ಕೆಳಕ್ಕೆ ಯಾವ ಮಡುವಿನಲ್ಲಿ ಬಿಳಿಮೀನು ಎಷ್ಟು ಹೊತ್ತಿಗೆ ಮೇಲೇಳುತ್ತದೆ ಎಂಬುದು ಅವನಿಗೆ ಬಾಯಿಪಾಠ. ಹಾಗಾಗಿ ದೂರದೂರದಿಂದ ಗಾಳದ ಕೋಲು ಹಿಡಿದು ಬರುವವರಿಗೆ ಅವನೇ ದಾರಿ ತೋರಿಸುತ್ತಿದ್ದ. ಹಿಡಿದ ಮೀನಿನ ಫೋಟೋ ತೆಗೆದು ಮತ್ತೆ ನೀರಿಗೇ ಬಿಡುವ ಆಟ ಅದು. ತಿನ್ನದ ಮೀನಿಗೆ ಇಷ್ಟು ಪಡಿಪಾಟಲೇ ಎಂದು ಅಜ್ಜಿ ಮೂಗು ಮುರಿಯುತ್ತಿದ್ದಳು.

ನಾನು ನಾಲ್ಕನೇ ಕ್ಲಾಸು ಮುಗಿಸಿ ರಜಕ್ಕೆ ಅಜ್ಜಿ ಮನೆಗೆ ಹೋಗಿದ್ದೆ. ಬೆಳಗ್ಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಆಮೇಲೆ ಬಿಸಿಲು ಏರುವವರೆಗೂ ಕುಂಟಾಬಿಲ್ಲೆ. ಹುಣಸೂರಿನ ಮರದ ವ್ಯಾಪಾರಿ ಖಾದರ್ ಸಾಹೇಬರು ಆ ವರ್ಷವೂ ಬಂದಿದ್ದರು. ಅವರು ಎರೆಹುಳು, ರಾಗಿ ಹಿಟ್ಟಿನ ಉಂಡೆ ಏನನ್ನೂ ಮುಟ್ಟುತ್ತಿರಲಿಲ್ಲ. ಕೊಕ್ಕೆಗೆ ಗರಿ ಸುತ್ತಿ, ನೂಲು ಬಿಗಿದು, ನೊಣದ ಹಾಗೆ ಮಾಡಿ ನೀರಿನ ಮೇಲೆ ಬೀಸುತ್ತಿದ್ದರು. ಮೂರು ದಿನ ಒಂದು ಮೀನೂ ಮೂಸಿ ನೋಡಲಿಲ್ಲ. ನಾಲ್ಕನೆಯ ದಿನ ನಾನು ನಮ್ಮ ಹುಂಜ ಕೆಂಚನನ್ನು ಅಟ್ಟಿಸಿಕೊಂಡು ಹೋಗಿ, ಕುಕ್ಕಿಸಿಕೊಂಡು, ಕತ್ತಿನ ಕೆಂಪು ಗರಿ ಕಿತ್ತು ತಂದುಕೊಟ್ಟೆ. ಸಾಹೇಬರು ಅದರಲ್ಲೇ ನೊಣ ಕಟ್ಟಿದರು. ಅವತ್ತು ನನ್ನ ನೊಣಕ್ಕೇ ಮೀನು ಬೀಳಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಮಾವನಿಗೊಂದು ಪದ್ಧತಿಯಿತ್ತು. ಹೊಳೆಗೆ ಇಳಿಯುವ ಮುಂಚೆ ಒಂದು ಹುಣಸೆ ಬರಲಿನ, ಅಂದರೆ ಸಣ್ಣ ಕಡ್ಡಿಯ, ತೊಗಟೆ ಸುಲಿದು, ನೀರಿನಂಚಿನಿಂದ ಒಂದು ಗೇಣು ಮೇಲಕ್ಕೆ ಮರಳಲ್ಲಿ ನೆಡುತ್ತಿದ್ದ. ನಡುಹೊಳೆಯ ಬಂಡೆಯಿಂದಲೂ ಅದು ಬೆಳ್ಳಗೆ ಕಾಣುತ್ತಿತ್ತು. ನೀರು ಬರಲಿನ ಬುಡ ಮುಟ್ಟಿತೋ, ಎಲ್ಲ ಬಿಟ್ಟು ದಡಕ್ಕೆ ಬರಬೇಕು. ಇಲ್ಲಿ ಬಿಸಿಲಿದ್ದರೂ ಮೇಲೆ ಕೊಡಗಿನಲ್ಲಿ ಮಳೆ ಹುಯ್ದಿರುತ್ತದೆ, ಹೊಳೆ ಹೇಳಿ ಕೇಳಿ ಬರುವುದಿಲ್ಲ.

"ಬರ್ಲು ನೋಡ್ಕೊ ಮಗಾ. ನೀರು ಮುಟ್ತು ಅಂದ್ರೆ ಕೂಗು," ಎಂದು ಮಾವ ಸಾಹೇಬರ ಕೈಹಿಡಿದು ಮೊಣಕಾಲುದ್ದದ ನೀರು ದಾಟಿಸಿ ಬಂಡೆ ಹತ್ತಿಸಿದ.

ನೆತ್ತಿಯ ಮೇಲೆ ಒಂದು ಮೋಡವಿಲ್ಲ. ಆದರೆ ಪಡುವಣದ ಬೆಟ್ಟಗಳು ಕಪ್ಪಾಗಿದ್ದವು. ಬೆಳಗಿನಿಂದ ಕಿರುಚುತ್ತಿದ್ದ ಮಿಂಚುಳ್ಳಿ ಸುಮ್ಮನಾಗಿತ್ತು. ಏಡಿಗಳು ಒಂದರ ಹಿಂದೊಂದು ಮರಳು ಬಿಟ್ಟು ಮೇಲಕ್ಕೆ ಹರಿದು ಹೋಗುತ್ತಿದ್ದವು. ನೀರಿಗೆ ಕೊಳೆತೆಲೆಯ ವಾಸನೆ ಬಂದಿತ್ತು. ಇದೆಲ್ಲ ನನಗೆ ಕಾಣಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಎಲ್ಲ ಕಂಡಿತ್ತು.

ನೀರು ಬರಲಿನ ಬುಡ ಮುಟ್ಟಿತು. ಅದೇ ಹೊತ್ತಿಗೆ ಮಡುವಿನಲ್ಲಿ ದೊಡ್ಡ ಬೆನ್ನೊಂದು ನನ್ನ ನೊಣದ ಹತ್ತಿರ ಹೊರಳಿತು. ಇನ್ನೊಂದು ಸಲ ಬೀಸಿದರೆ ಸಾಕು ಅನ್ನಿಸಿತು. ಕೂಗಲಿಲ್ಲ. ಬರಲು ಕಿತ್ತು ಮೇಲಕ್ಕೆ ನೆಟ್ಟೆ. ಮಾವ ತಿರುಗಿ ನೋಡಿದ. ಬರಲು ಒಣ ಮರಳಲ್ಲಿತ್ತು. ಅವನು ನಕ್ಕು ಆ ಕಡೆ ತಿರುಗಿಕೊಂಡ. ನೀರು ಮತ್ತೆ ಮುಟ್ಟಿತು. ಮತ್ತೆ ಕಿತ್ತು ನೆಟ್ಟೆ.

ಮೂರನೆಯ ಸಲ ಬರಲು ಕೀಳುತ್ತಿದ್ದಾಗ ಮೇಲಿನ ತಿರುವಿನಿಂದ ಸದ್ದು ಕೇಳಿಸಿತು. ನೀರು ಕೆಂಪಗೆ, ಮರದ ದಿಮ್ಮಿಗಳ ಸಮೇತ ಬಂತು. ಮಾವ ಸಾಹೇಬರನ್ನು ಸೊಂಟಕ್ಕೆ ಹಿಡಿದು ಎದೆಯುದ್ದದ ನೀರಿಗೆ ಇಳಿದ. ಅವರನ್ನು ದಡಕ್ಕೆ ನೂಕಿದ, ತಾನು ಕೊಚ್ಚಿ ಹೋದ. ಕೆಳಗಡೆ ಹೊಳೆಮತ್ತಿ ಮರದ ಬೇರು ಸಿಕ್ಕಿದ್ದರಿಂದ ಅವನು ಬದುಕಿ, ದಡ ಹತ್ತಿ ನಾವಿದ್ದಲ್ಲಿಗೆ ಬಂದ.

ಸದ್ದು ಕೇಳಿ ಗದ್ದೆಯಲ್ಲಿದ್ದವರೆಲ್ಲ ಓಡಿ ಬಂದರು. ಸಾಹೇಬರು ಗಡಗಡ ನಡುಗುತ್ತಿದ್ದರು.

"ಬರ್ಲು ನೋಡಿಲ್ವೇನಪ್ಪಾ ಸ್ವಾಮಿ?" ಎಂದರು.

ಮಾವ ನನ್ನ ಕಡೆ ನೋಡಿದ. ಬರಲು ನನ್ನ ಕೈಯಲ್ಲಿತ್ತು, ಬುಡದಲ್ಲಿ ಹಸಿ ಮರಳು ಮೆತ್ತಿತ್ತು. ಅವನು ಮೆಲ್ಲಗೆ ಅದನ್ನು ಈಸಿಕೊಂಡು ಹೊಳೆಗೆ ಎಸೆದ.

"ನೋಡ್ದೆ ಸಾಹೇಬ್ರೆ, ಕಾಣ್ನಿಲ್ಲ. ಕಣ್ಣು ಮಂಜಾಗವೆ," ಎಂದ.

ಸಾಹೇಬರು ಒಳ್ಳೆಯವರು. ವಾರದೊಳಗೆ ಕೊಪ್ಪದ ಅಂಗಡಿಯಿಂದ ಒಂದು ರೆಡಿಮೇಡ್ ಕನ್ನಡಕ ತಂದುಕೊಟ್ಟರು. ಮಾವ ತಲೆಬಾಗಿ ಹಾಕಿಕೊಂಡ. ಆಮೇಲೆ ಸಾಹೇಬರೂ ಬರಲಿಲ್ಲ, ಬೇರೆಯವರೂ ಅವನನ್ನು ಕರೆಯಲಿಲ್ಲ. ಕಣ್ಣು ಕಾಣದವನ ಹಿಂದೆ ಹೊಳೆಗೆ ಯಾರು ಇಳಿಯುತ್ತಾರೆ? ನೀರು ಬಲ್ಲವನೆಂಬ ಹೆಸರು ಒಂದೇ ಮಧ್ಯಾಹ್ನದಲ್ಲಿ ಹೋಯಿತು. ಒಂದು ದಿನ ಹಿತ್ತಿಲಲ್ಲಿ ಮಾವ ಕನ್ನಡಕ ತೆಗೆದಿಟ್ಟು ಅಜ್ಜಿಯ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದ್ದನ್ನು ಕಂಡೆ. ನನ್ನನ್ನು ನೋಡಿದವನೇ ಮತ್ತೆ ಕನ್ನಡಕ ಏರಿಸಿಕೊಂಡ. ಆಮೇಲೆ ಎಷ್ಟೋ ಸಲ ನಿಜ ಹೇಳಿಬಿಡೋಣವೆಂದು ಊರಿಗೆ ಹೋದೆ, ಊಟ ಮಾಡಿಕೊಂಡು ಬಂದೆ.

ಈಗ ಆ ಮಡುವಿನಲ್ಲಿ ಕೋಲು ಬೀಸುವವರಿಲ್ಲ, ಬರಲು ನೆಡುವವರೂ ಇಲ್ಲ. ಹೋದ ವರ್ಷ ಮಾವನೂ ತೀರಿಕೊಂಡ. ಹನ್ನೊಂದನೆಯ ದಿನ ಅತ್ತೆ ಆ ಕನ್ನಡಕವನ್ನು ನನ್ನ ಕೈಗಿಟ್ಟು, ಇದನ್ನ ನಿನಗೇ ಕೊಡು ಅಂದಿದ್ರು ಎಂದರು. ಹಾಕಿಕೊಂಡೆ. ಎದುರಿಗಿದ್ದ ಅತ್ತೆಯ ಮುಖ ಕಾಣಲಿಲ್ಲ, ಬಾಗಿಲು ಕಾಣಲಿಲ್ಲ, ಬಾಗಿಲಾಚೆಯ ಹೊಳೆಯೂ ಕಾಣಲಿಲ್ಲ. ನನ್ನ ಹೆಸರು ಹೊರಗೆ ಬಾರದಿರಲೆಂದು ಮಾವ ಅಷ್ಟು ವರ್ಷ ಆ ಗಾಜಿನ ಮಂಜಿನಲ್ಲೇ ನೋಡಿಕೊಂಡು ಬದುಕಿದ.